ಹೆಸರು ಬಯಲಿಗೆ, ಲೆಕ್ಕ ಬೀಗಕ್ಕೆ

1

ನಮ್ಮ ಕಡೆ ಜಾತಿ ಕೇಳುವವರು ಜಾತಿ ಅನ್ನುವ ಪದವನ್ನು ಬಾಯಿಗೇ ತರುವುದಿಲ್ಲ. 'ನೀವು ಯಾವ ಪೈಕಿ?' ಅಂತಾರೆ. 'ಯಾವ ಜನ?' ಅಂತಾರೆ. ಇನ್ನೂ ನಾಜೂಕಿನವರು 'ಊರಲ್ಲಿ ನಿಮ್ಮ ಮನೆ ಯಾವ ಕಡೆ ಬರುತ್ತೆ?' ಅಂತ ಕೇಳ್ತಾರೆ. ಮೂರರಲ್ಲಿ ಹರಿತವಾದದ್ದು ಈ ಕೊನೆಯದೇ. ಯಾಕೆಂದರೆ ಹಳ್ಳಿಯಲ್ಲಿ ಮನೆ ಇರುವ ದಿಕ್ಕೇ ಜಾತಿಯ ದಾಖಲೆ. ಕನಕಪುರದಿಂದ ಸಂಗಮದ ಕಡೆ ಹೋಗುವಾಗ ಸಿಗುವ ದೊಡ್ಡಆಲಹಳ್ಳಿಯಾಗಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಾಗಲಿ, ಗಣತಿಗೆ ಬಂದ ಮೇಷ್ಟ್ರು ಕೇರಿಯೊಳಕ್ಕೆ ಕಾಲಿಟ್ಟ ಮೇಲೆ ಜಾತಿಯ ಕಾಲಂ ತುಂಬಲು ಬಾಯಿ ಬಿಟ್ಟು ಕೇಳಬೇಕಾದ್ದೇನೂ ಇರುವುದಿಲ್ಲ. ಕಾಲಿಗೆ ತಗುಲಿದ ಮಣ್ಣೇ ಉತ್ತರ ಹೇಳಿರುತ್ತದೆ. ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ 'ಊರುಕೇರಿ' ಅಂತ ಹೆಸರಿಟ್ಟಾಗ, ಯಾವ ಸರ್ಕಾರಿ ರಿಜಿಸ್ಟರೂ ಹೇಳದ ಮಾತನ್ನು ಒಂದೇ ಪದದಲ್ಲಿ ಹೇಳಿಬಿಟ್ಟಿದ್ದರು.

ಅದೇ ಕೇರಿಯ ಹುಡುಗ ಬೆಂಗಳೂರಿಗೆ ಬಂದು ಬಾಡಿಗೆ ಮನೆ ಹಿಡಿದಿದ್ದಾನೆ ಅಂದುಕೊಳ್ಳಿ. ಮಹಡಿ ಮೇಲೊಂದು ಕೋಣೆ, ಕೆಳಗೆ ಮಾಲೀಕರು. ಮನೆ ಕೇಳಲು ಹೋದ ದಿನ 'ಯಾವ ಪೈಕಿ' ಅನ್ನುವ ಪ್ರಶ್ನೆಯನ್ನು ಹೇಗೋ ದಾಟಿದ್ದಾನೆ. 2025ರ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಗಣತಿದಾರರು ಗೇಟಿನ ಹತ್ತಿರ ನಿಂತು, 'ಈ ಮನೇಲಿ ಎಸ್ಸಿ ಯಾರಾದ್ರೂ ಇದ್ದೀರಾ?' ಅಂತ ಕೂಗಿ ಕೇಳಿದರೆ ಅವನು ಏನು ಹೇಳಬೇಕು? ಹೌದು ಅಂದರೆ ಮನೆ ಹೋಗಬಹುದು. ಇಲ್ಲ ಅಂದರೆ ಲೆಕ್ಕದಲ್ಲಿ ಒಂದು ತಲೆ ಕಮ್ಮಿಯಾಗಿ, ತನ್ನ ಜನದ ಮೀಸಲಾತಿಯ ಪಾಲು ಅಷ್ಟು ಸವೆಯುತ್ತದೆ.

ಈ ಲೇಖನ ಆ ಗೇಟಿನ ಹತ್ತಿರ ನಿಂತ ಹುಡುಗನ ಬಗ್ಗೆ. ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದ ಚರಿತ್ರೆಯ ಬಗ್ಗೆ ಕೂಡ. ನಮ್ಮ ಜನರ ವಿವರ ಬರೆದುಕೊಂಡ ವ್ಯವಸ್ಥೆ ಒಂದೂವರೆ ಶತಮಾನದಿಂದ ಒಂದು ತಲೆಕೆಳಗಾದ ಕೆಲಸ ಮಾಡಿಕೊಂಡು ಬಂದಿದೆ. ಮುಚ್ಚಿಡಬೇಕಾದ ಬಿಡಿ ಬಿಡಿ ಹೆಸರನ್ನು ಬಯಲಿಗೆ ಹಾಕಿದೆ. ಬಯಲಿಗೆ ಇಡಬೇಕಾದ ಒಟ್ಟು ಲೆಕ್ಕವನ್ನು ಬೀಗ ಹಾಕಿ ಇಟ್ಟಿದೆ. ನನ್ನ ವಾದ ಇಷ್ಟೇ. ಕತೆ, ಕಾವ್ಯ, ಆತ್ಮಕಥನಗಳನ್ನು ಸೂಕ್ಷ್ಮವಾಗಿ ಓದುವ ದಲಿತ ವಿಮರ್ಶೆ ಪಟ್ಟಿ, ಫಾರಂ, ರಿಜಿಸ್ಟರುಗಳನ್ನೂ ಪಠ್ಯಗಳೆಂದೇ ಓದಬೇಕಾಗಿದೆ. ನಮ್ಮ ಬಗ್ಗೆ ಅತಿ ಹೆಚ್ಚು ಬರೆದವರು ಕವಿಗಳಲ್ಲ, ಗುಮಾಸ್ತರು.

2

ಮೈಸೂರು ಸೀಮೆಯಲ್ಲಿ ಮೊದಲ ಜನಗಣತಿ ನಡೆದದ್ದು 1871ರಲ್ಲಿ. ಮನೆ ಲೆಕ್ಕ ಅದಕ್ಕೂ ಹಿಂದಿನದು. ಅದನ್ನು ಖಾನೇಷುಮಾರಿ ಅನ್ನುತ್ತಿದ್ದರು. ಬರೆಯುವವನು ಶಾನುಭೋಗ, ಒಪ್ಪಿಕೊಳ್ಳುವವನು ಪಟೇಲ. ಕಂದಾಯ ಎಷ್ಟು, ಯಾರು ಕೊಡಬೇಕು, ಯಾರು ಬಿಟ್ಟಿ ದುಡಿಯಬೇಕು ಅನ್ನುವುದು ಕಡತದಲ್ಲಿ ಇರುತ್ತಿತ್ತು. ಕಡತ ಶಾನುಭೋಗನ ಮನೆಯ ಸ್ವತ್ತು. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. ಊರಿನ ಮಾಹಿತಿ ಒಂದು ಮನೆತನದ ಅಟ್ಟದ ಮೇಲಿತ್ತು ಅಂದರೆ ತಪ್ಪಾಗಲಾರದು.

ಇನ್ನೊಂದು ಕಡೆ ಕುಳವಾಡಿ. ಹೊಲೆಯರ ಪೈಕಿಯವನು, ಊರಿನ ಚಾಕರಿಯವನು. ಯಾವ ಹೊಲ ಯಾರದು, ಬದು ಎಲ್ಲಿ ತಿರುಗುತ್ತದೆ, ಗಡಿ ಕಲ್ಲು ಎಲ್ಲಿ ಹೂತುಹೋಗಿದೆ ಎಲ್ಲವೂ ಅವನ ನೆನಪಿನಲ್ಲಿ. ಎರಡು ಊರಿನ ನಡುವೆ ಗಡಿ ತಕರಾರು ಬಂದರೆ ಕುಳವಾಡಿಯ ಮಾತೇ ಕೊನೆಯ ಮಾತು ಅನ್ನುವುದನ್ನು ಬ್ರಿಟಿಷ್ ಕಾಲದ ಬರಹಗಳು ದಾಖಲಿಸಿವೆ. ತಲೆಯ ಮೇಲೆ ಮಣ್ಣಿನ ಮುದ್ದೆ ಹೊತ್ತು ಅವನು ಗಡಿಗುಂಟ ನಡೆಯಬೇಕು. ದಾರಿ ತಪ್ಪಿದರೆ ಮುದ್ದೆ ಒಡೆಯುತ್ತದೆ ಅನ್ನೋದು ನಂಬಿಕೆ.

ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿ. ಊರಿನ ವಿವರ ಗೊತ್ತಿದ್ದದ್ದು ಕುಳವಾಡಿಗೆ. ಬರೆಯುವ ಹಕ್ಕು ಇದ್ದದ್ದು ಶಾನುಭೋಗನಿಗೆ. ಕುಳವಾಡಿಯ ನೆನಪು ಊರಿಗೆಲ್ಲ ಸೇರಿದ್ದು, ಶಾನುಭೋಗನ ಬರಹ ಶಾನುಭೋಗನಿಗೆ ಮಾತ್ರ ಸೇರಿದ್ದು. ತನ್ನ ಹೆಸರಿನ ಮುಂದೆ ಏನು ಬರೆದಿದೆ ಅನ್ನೋದನ್ನ ಕುಳವಾಡಿ ಓದುವ ಹಾಗಿರಲಿಲ್ಲ. ಅಕ್ಷರವೂ ಇರಲಿಲ್ಲ, ಆ ಜಗಲಿ ಹತ್ತುವ ಹಾಗೂ ಇರಲಿಲ್ಲ. ಮಾಹಿತಿಯ ಹಕ್ಕು, ಖಾಸಗಿತನ ಅಂತೆಲ್ಲ ಈಗ ನಾವು ಆಡುವ ಮಾತಿನ ಬೇರು ಇಲ್ಲಿದೆ. ಯಾರ ಬಗ್ಗೆ ಬರೆದಿದೆಯೋ ಅವರ ಕಣ್ಣಿಗೆ ಬೀಳದ ಬರಹ, ಅವರ ಕುತ್ತಿಗೆಗೆ ಬೀಳುವ ಕುಣಿಕೆ.

1961ರ ಕಾಯ್ದೆ ಈ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕಿತು. ಕಡತ ಅಟ್ಟದಿಂದ ಇಳಿದು ಗ್ರಾಮಲೆಕ್ಕಿಗರ ಚೀಲಕ್ಕೆ ಬಂತು, ಆಮೇಲೆ ಕಂಪ್ಯೂಟರಿಗೆ ಬಂತು. ಬರೆಯುವ ಕೈ ಬದಲಾಯಿತು. ಬರೆಸಿಕೊಂಡವರು ತಮ್ಮ ಬರಹವನ್ನು ನೋಡುವ ಅಭ್ಯಾಸ ಮಾತ್ರ ಊರಿಗೆ ಬರಲಿಲ್ಲ.

3

ವಸಾಹತುಶಾಹಿ ಗಣತಿ ನಮ್ಮನ್ನು ಎಣಿಸಿತು. ಎಣಿಸುವಾಗಲೇ ಮೇಲು ಕೀಳು ಜೋಡಿಸಿತು. 1881ರ ಗಣತಿಯಲ್ಲಿ ತಮ್ಮನ್ನು ಶೂದ್ರರ ಸಾಲಿಗೆ ಸೇರಿಸಿದ್ದನ್ನು ಮೈಸೂರಿನ ಲಿಂಗಾಯತರು ಪ್ರತಿಭಟಿಸಿದರು. 1905ರಲ್ಲಿ ಲಿಂಗಾಯತರ ವಿದ್ಯಾನಿಧಿ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಎಣಿಕೆ ಅಂದರೆ ಪಾಲು ಅನ್ನುವುದು ಅವರಿಗೆ ಬೇಗ ಗೊತ್ತಾಯಿತು. ಮಿಲ್ಲರ್ ಸಮಿತಿ 1918ರಲ್ಲಿ ನೇಮಕವಾದಾಗ ಬ್ರಾಹ್ಮಣೇತರರ ಕೈಯಲ್ಲಿ ಅಂಕಿ ಅಂಶಗಳಿದ್ದವು.

ನಮ್ಮ ಜನರ ಬೇಡಿಕೆ ಮೊದಲು ಹೆಸರಿನದಾಗಿತ್ತು. ಪಂಚಮ ಅನ್ನುವ ಹೆಸರು ಬೇಡ, ಬೈಗುಳವಾಗಿ ಬಳಸುವ ಜಾತಿಹೆಸರೂ ಬೇಡ. ಹೀಗೆ 1920ರ ದಶಕದಲ್ಲಿ ಆದಿಕರ್ನಾಟಕ, ಆದಿದ್ರಾವಿಡ ಅನ್ನುವ ಹೆಸರುಗಳು ಸರ್ಕಾರಿ ಕಾಗದಕ್ಕೆ ಬಂದವು. ಈ ನೆಲಕ್ಕೆ ಮೊದಲಿಗರು ನಾವು ಅನ್ನುವ ಅಭಿಮಾನ ಆ 'ಆದಿ'ಯಲ್ಲಿತ್ತು. ಒಂದು ಬಗೆಯ ಮರೆಯೂ ಅದರಲ್ಲಿತ್ತು. ಬೈಗುಳದ ಹೆಸರನ್ನು ಫಾರಂನಲ್ಲಿ ಬರೆಸುವ ನೋವಿನಿಂದ ಅದು ತಪ್ಪಿಸಿತು. ಆದರೆ ಮರೆ ಬಹಳ ದಿನ ಬಾಳಲಿಲ್ಲ. ಹಳೇ ಮೈಸೂರಿನ ಊರೂರಿಗೆ 'ಎ.ಕೆ. ಕಾಲೋನಿ' ಅನ್ನುವ ಬೋರ್ಡು ಬಂದ ಮೇಲೆ, ಅಭಿಮಾನದ ಎರಡು ಅಕ್ಷರ ಕೇರಿಯ ಇನ್ನೊಂದು ಹೆಸರಾಯಿತು. ಅಂಚೆಯವನಿಗೆ, ಬ್ಯಾಂಕಿನವನಿಗೆ, ಕೆಲಸ ಕೊಡುವವನಿಗೆ ವಿಳಾಸ ಓದಿದರೆ ಸಾಕಾಯಿತು.

ಅಂಬೇಡ್ಕರರ ಬದುಕಿನಲ್ಲೇ ಈ ಇಬ್ಬಂದಿ ಎರಡು ಘಟನೆಯಾಗಿ ನಿಂತಿದೆ. ಅವರು ಬರೋಡದಲ್ಲಿ ಕೆಲಸಕ್ಕೆ ಸೇರಿದಾಗ ಇರಲು ಜಾಗ ಸಿಗದೆ ಪಾರ್ಸಿ ಹೆಸರು ಹೇಳಿಕೊಂಡು ಒಂದು ಪಾರ್ಸಿ ತಂಗುಮನೆಯಲ್ಲಿ ಉಳಿದರು. ಗುಟ್ಟು ಬಯಲಾದ ದಿನ ಕೋಲು ಹಿಡಿದ ಗುಂಪು ಬಂದು ಅವರನ್ನು ಹೊರಹಾಕಿತು. ಕೊಲಂಬಿಯಾದಲ್ಲಿ ಓದಿ ಬಂದ ಮನುಷ್ಯನಿಗೂ ತಲೆಯ ಮೇಲೊಂದು ಸೂರು ಸಿಗಲು ಜಾತಿಯನ್ನು ಮುಚ್ಚಿಡಬೇಕಿತ್ತು. ಮುಂದೆ 1932ರಲ್ಲಿ, ಮತದಾನದ ಹಕ್ಕಿನ ಲೋಥಿಯನ್ ಸಮಿತಿ ಬಂದಾಗ, ಅದೇ ಅಂಬೇಡ್ಕರ್ ಅಸ್ಪೃಶ್ಯರ ಸಂಖ್ಯೆಗಾಗಿ ಜಗಳಕ್ಕೆ ನಿಂತರು. ಅಲ್ಲಿಯವರೆಗೆ ಗಣತಿಯ ಅಂಕಿಯನ್ನು ಯಾರೂ ಪ್ರಶ್ನಿಸಿರಲಿಲ್ಲ. ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಅನ್ನುವ ಮಾತು ಬಂದ ಕೂಡಲೇ, ನಮ್ಮ ಪ್ರಾಂತದಲ್ಲಿ ಅಸ್ಪೃಶ್ಯರೇ ಇಲ್ಲ ಅನ್ನುವವರು ಹುಟ್ಟಿಕೊಂಡರು ಎಂದು ಅವರು ಆಮೇಲೆ ಬರೆದರು. 1951ರ ಗಣತಿ ಜಾತಿಯ ಕೋಷ್ಟಕಗಳನ್ನು ಕೈಬಿಟ್ಟಾಗಲೂ ಅವರು ಅದನ್ನು ಮೆಚ್ಚಲಿಲ್ಲ.

ಹಾಗಾದರೆ ಬರೋಡದ ಅಂಬೇಡ್ಕರ್ ಸರಿಯೋ, ಲೋಥಿಯನ್ ಸಮಿತಿಯ ಮುಂದಿನ ಅಂಬೇಡ್ಕರ್ ಸರಿಯೋ? ಇಬ್ಬರೂ ಸರಿ. ಒಬ್ಬ ದಲಿತನಿಗೆ ತನ್ನ ಹೆಸರನ್ನು ಬೀದಿಯಿಂದ ಕಾಪಾಡಿಕೊಳ್ಳುವ ಅಗತ್ಯವಿದೆ. ದಲಿತ ಸಮುದಾಯಕ್ಕೆ ತನ್ನ ಸಂಖ್ಯೆಯನ್ನು ಬೀದಿಯಲ್ಲಿ ಸಾರುವ ಅಗತ್ಯವಿದೆ. ಎರಡೂ ಒಂದೇ ಹೋರಾಟ. ನಮ್ಮ ಆಡಳಿತ ಇವೆರಡನ್ನೂ ಅದಲು ಬದಲು ಮಾಡಿಟ್ಟಿದೆ.

4

ಸ್ವತಂತ್ರ ಭಾರತದ ಜನಗಣತಿಗೆ 1948ರ ಕಾಯ್ದೆಯ ಕಾವಲಿದೆ. ಅದರ 15ನೇ ಕಲಮಿನ ಪ್ರಕಾರ ಗಣತಿಯ ವೇಳೆ ಒಬ್ಬರು ಹೇಳಿದ ವಿವರವನ್ನು ಬೇರೆಯವರು ನೋಡುವ ಹಾಗಿಲ್ಲ. ಕೋರ್ಟಿನಲ್ಲೂ ಸಾಕ್ಷಿಯಾಗಿ ತರುವ ಹಾಗಿಲ್ಲ. ಆದರೆ ಬಡವರ ಮನೆ ಬಾಗಿಲಿಗೆ ಬರುವುದು ಹತ್ತು ವರ್ಷಕ್ಕೊಮ್ಮೆಯ ಈ ಗಣತಿ ಮಾತ್ರವೇ? ಬಿಪಿಎಲ್ ಸರ್ವೆ, ವಸತಿ ಸರ್ವೆ, ಶೌಚಾಲಯ ಸರ್ವೆ, ಜಾಬ್ ಕಾರ್ಡ್, ರೇಷನ್ ಕಾರ್ಡ್, ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ, ಈಗ 'ಕುಟುಂಬ' ಅನ್ನುವ ದತ್ತಾಂಶ. ಇವುಗಳಿಗೆ ಆ ಕಾಯ್ದೆಯ ಕಾವಲು ಇಲ್ಲ. ಉಳ್ಳವರ ಮನೆಗೆ ಸರ್ಕಾರ ಅಪರೂಪಕ್ಕೆ ಬರುತ್ತದೆ. ಇಲ್ಲದವರ ಮನೆಗೆ ವರ್ಷಕ್ಕೆ ನಾಲ್ಕು ಸಲ ಬರುತ್ತದೆ, ಬಂದಾಗೆಲ್ಲ ಏನಾದರೊಂದು ಬರೆದುಕೊಂಡು ಹೋಗುತ್ತದೆ.

ಬರೆದುಕೊಂಡದ್ದು ಬಂದು ನಿಲ್ಲುವ ಜಾಗ ಗ್ರಾಮ ಪಂಚಾಯ್ತಿ. 1993ರ ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೆ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗಬೇಕು. ಪಟ್ಟಿ ಓದಬೇಕು, ನೋಟಿಸ್ ಬೋರ್ಡಿಗೆ ಹಾಕಬೇಕು. ಇದು ನಾವು ಹೋರಾಡಿ ಪಡೆದದ್ದು, ಇದನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಎಸ್ಸಿ ಕೋಟಾದ ಮನೆಯನ್ನು ಯಾರೋ ನುಂಗಿದ್ದಾರೆ ಅನ್ನುವುದು ನಮಗೆ ಗೊತ್ತಾಗೋದೇ ಆ ಗೋಡೆಯ ಮೇಲಿನ ಪಟ್ಟಿಯಿಂದ. ಪಟ್ಟಿ ಗುಟ್ಟಾಗಿದ್ದರೆ ಲಾಭ ಕಳ್ಳನಿಗೇ.

ಹಾಗಂತ ಗೋಡೆಯ ಮೇಲೆ ಬರುವುದೆಲ್ಲ ಬರಬೇಕಾದ್ದೇ ಅಲ್ಲ. ಮನೆ ಮಂಜೂರಾದ ಹೆಂಗಸಿನ ಹೆಸರು ಬರಲಿ, ಮೊತ್ತ ಬರಲಿ. ಅವಳು ವಿಧವೆ ಅನ್ನುವುದು, ಅವಳ ಉಪಜಾತಿ, ಫೋನ್ ನಂಬರು, ಬ್ಯಾಂಕ್ ಖಾತೆ ಯಾಕೆ ಬರಬೇಕು? ಊರಿಗೆ ಎಲ್ಲಾ ಗೊತ್ತು ಬಿಡಿ ಅನ್ನುವ ಮಾತು ಕೇಳಿಬರುತ್ತದೆ. ಊರಿಗೆ ಗೊತ್ತಿರುವುದು ಬೇರೆ, ಊರಾಚೆ ಕಂಪ್ಯೂಟರಿಗೆ ಗೊತ್ತಾಗುವುದು ಬೇರೆ. ಊರಿನ ನೆನಪಿಗೆ ಎಲ್ಲೆ ಇದೆ. ಇಳಿಸಿಕೊಂಡ ಪಟ್ಟಿ ಸಾಲ ಕೊಡುವವನ ಕೈಗೂ ಹೋಗುತ್ತದೆ, ಓಟಿನ ಲೆಕ್ಕ ಹಾಕುವವನ ಕೈಗೂ ಹೋಗುತ್ತದೆ.

ಗುಮಾಸ್ತಿಕೆ ಎಷ್ಟು ನಿರ್ದಯವಾಗಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. 2021ರಲ್ಲಿ ಕೇಂದ್ರ ಸರ್ಕಾರ ಉದ್ಯೋಗ ಖಾತರಿಯ ಕೂಲಿಯನ್ನು ಎಸ್ಸಿ, ಎಸ್ಟಿ, ಇತರೆ ಎಂದು ಮೂರು ಭಾಗ ಮಾಡಿ ಪಾವತಿಸಲು ಹೇಳಿತು. ಒಂದೇ ಕೆರೆಯಲ್ಲಿ ಒಟ್ಟಿಗೆ ಹೂಳೆತ್ತಿದವರಿಗೆ ಬೇರೆ ಬೇರೆ ದಿನ ಕೂಲಿ ಬಂತು. 'ನಿಮ್ಮೋರಿಗೆ ಬಂತಂತೆ, ನಮಗಿಲ್ವಂತೆ' ಅನ್ನುವ ಮಾತು ಶುರುವಾಗಲು ಇಷ್ಟು ಸಾಕಲ್ಲವೇ? ಟೀಕೆ ಬಂದ ಮೇಲೆ ಆ ಪದ್ಧತಿ ಕೈಬಿಟ್ಟರು. ಲೆಕ್ಕಪತ್ರದ ಅನುಕೂಲಕ್ಕೆ ಇಟ್ಟ ಒಂದು ಕಾಲಂ ದುಡಿಯುವ ಜನರ ನಡುವೆ ಗೆರೆ ಎಳೆದುಬಿಡಬಲ್ಲದು.

5

ಇನ್ನು ಬೀಗ ಹಾಕಿದ ಲೆಕ್ಕದ ಕಡೆಗೆ ಬರೋಣ.

ಒಳಮೀಸಲಾತಿಯ ಹೋರಾಟದ ಫಲವಾಗಿ 2005ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ ನೇಮಕವಾಯಿತು. ಅದು ಮನೆ ಮನೆಗೆ ಹೋಗಿ ಎಣಿಸಿ, 2012ರ ಜೂನ್‌ನಲ್ಲಿ ವರದಿ ಕೊಟ್ಟಿತು. ಸುಮಾರು 96 ಲಕ್ಷ ಜನ ತಮ್ಮ ಜಾತಿ, ಓದು, ಕೆಲಸ, ಜಮೀನಿನ ವಿವರ ಕೊಟ್ಟಿದ್ದರು. ಮುಂದೆ ವರ್ಷಗಟ್ಟಲೆ ವರದಿ ಸದನದ ಮೇಜಿಗೆ ಬರಲೇ ಇಲ್ಲ. ಮಾದಿಗ ಸಮುದಾಯದ ಕಾರ್ಯಕರ್ತರು ಪಾದಯಾತ್ರೆ ಮಾಡಿದರು, ಧರಣಿ ಕೂತರು. ತಾವೇ ಕೊಟ್ಟ ಮಾಹಿತಿಯನ್ನು ತಮಗೆ ತೋರಿಸಿ ಅಂತ ಬೀದಿಯಲ್ಲಿ ಕೂತು ಕೇಳಬೇಕಾಯಿತು.

2015ರ ಏಪ್ರಿಲ್-ಮೇ ತಿಂಗಳಲ್ಲಿ ಎಚ್. ಕಾಂತರಾಜ ಅಧ್ಯಕ್ಷತೆಯ ಆಯೋಗ ರಾಜ್ಯದ ಎಲ್ಲ ಜನರ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ನಡೆಸಿತು. ಐವತ್ತಕ್ಕೂ ಹೆಚ್ಚು ಪ್ರಶ್ನೆ, ಸುಮಾರು 5.98 ಕೋಟಿ ಜನರ ವಿವರ, 160 ಕೋಟಿ ರೂಪಾಯಿಗೂ ಮೀರಿದ ಖರ್ಚು. ಆ ದತ್ತಾಂಶದ ಮೇಲಿನ ವರದಿ ಜಯಪ್ರಕಾಶ ಹೆಗ್ಡೆಯವರಿಂದ ಮುಖ್ಯಮಂತ್ರಿಯ ಕೈಗೆ ಬಂದದ್ದು 2024ರ ಫೆಬ್ರವರಿ 29ರಂದು. ಸಚಿವ ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಹತ್ತು ವರ್ಷ ಹಳೆಯದಾಯಿತು ಅನ್ನುವ ಕಾರಣಕ್ಕೆ ಜೂನ್‌ನಲ್ಲಿ ಅದನ್ನು ಪಕ್ಕಕ್ಕಿಟ್ಟು ಹೊಸ ಸಮೀಕ್ಷೆಗೆ ತೀರ್ಮಾನವಾಯಿತು. ಹಳೆಯದಾಗುವ ತನಕ ಕಾದು ಹಳೆಯದಾಯಿತು ಅನ್ನೋದು ಒಳ್ಳೆ ನ್ಯಾಯ. ಬೀಗ ಹಾಕಿದ್ದ ಆ ಕಾಲದಲ್ಲೂ ಅಂಕಿಗಳು ಸೋರಿ ಪತ್ರಿಕೆ, ಟೀವಿಯಲ್ಲಿ ಬರುತ್ತಿದ್ದವು. ಬಲ ಇದ್ದವರಿಗೆ ಅಂಕಿ ಸಿಗುತ್ತಿತ್ತು, ಅವರು ಅದರ ವಿರುದ್ಧ ಸಭೆ ನಡೆಸುತ್ತಿದ್ದರು. ಪಟ್ಟಿಯ ತಳದಲ್ಲಿದ್ದ ಅಲೆಮಾರಿ ಸಮುದಾಯಗಳಿಗೆ ತಾವು ಎಷ್ಟು ಜನ ಅನ್ನುವುದೂ ಅಧಿಕೃತವಾಗಿ ತಿಳಿಯಲಿಲ್ಲ.

6

ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಪರಿಶಿಷ್ಟ ಜಾತಿಗಳ ಒಳವರ್ಗೀಕರಣಕ್ಕೆ ದಾರಿ ತೆರೆಯಿತು. ರಾಜ್ಯದಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ 2025ರ ಮೇ 5ರಿಂದ ಹೊಸದಾಗಿ ಮನೆ ಮನೆ ಸಮೀಕ್ಷೆ ಶುರುಮಾಡಿತು. ಹಳ್ಳಿಗಳಲ್ಲಿ ಕೆಲಸ ಸಾಗಿತು, ಕೇರಿ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತಲ್ಲ. ಸಿಕ್ಕಿಕೊಂಡದ್ದು ಬೆಂಗಳೂರಿನಲ್ಲಿ. ಬಾಡಿಗೆ ಮನೆಯವರು ಜಾತಿ ಹೇಳಲು ಹಿಂಜರಿಯುತ್ತಿದ್ದಾರೆ ಅನ್ನುವುದು ಆಗ ಪತ್ರಿಕೆಗಳಲ್ಲೇ ಬಂದ ಸುದ್ದಿ. ಮನೆ ಬಾಗಿಲಲ್ಲಿ ಹೇಳಲಾಗದವರಿಗೆ ವಿಶೇಷ ಶಿಬಿರ ಮಾಡಿದರು, ಆನ್‌ಲೈನಿನಲ್ಲಿ ತಾವೇ ಘೋಷಿಸಿಕೊಳ್ಳಲು ಬಿಟ್ಟರು, ಗಡುವನ್ನು ಮತ್ತೆ ಮತ್ತೆ ಮುಂದೂಡಿದರು. ಆಯೋಗ ಈ ಹೆದರಿಕೆಯನ್ನು ಗುರುತಿಸಿ ಒಂದು ದಾರಿ ಮಾಡಿಕೊಟ್ಟದ್ದು ಒಳ್ಳೆಯ ಕೆಲಸ, ಅದನ್ನು ಹೇಳಲೇಬೇಕು.

ಆದರೆ ಊರಿನ ಪಾಲಿಕೆ ಏನು ಮಾಡಿತು? ಆಗಿನ ಬಿಬಿಎಂಪಿಯ ಸಿಬ್ಬಂದಿ ಕೆಲವು ಕಡೆ ಯಾರನ್ನೂ ಮಾತಾಡಿಸದೆ ಸಮೀಕ್ಷೆ ಮುಗಿದಿದೆ ಅನ್ನುವ ಸ್ಟಿಕ್ಕರ್ ಬಾಗಿಲಿಗೆ ಅಂಟಿಸಿಹೋದರು. ಅದು ಚಿತ್ರೀಕರಣವಾಗಿ ಬಯಲಾಗಿ ಕೆಲವರು ಅಮಾನತಾದರು. ಇದನ್ನು ಸೋಮಾರಿತನ ಅಂತ ಮಾತ್ರ ಓದಬಾರದು. ಕೇಳದೆ ಅಂಟಿಸಿದ ಸ್ಟಿಕ್ಕರಿನಿಂದ ಒಂದು ಮನೆ ಲೆಕ್ಕದಿಂದ ಹೊರಗೆ ಬೀಳುತ್ತದೆ. ಕೂಗಿ ಕೇಳಿ ಅಂಟಿಸಿದ ಸ್ಟಿಕ್ಕರಿನಿಂದ ಅದೇ ಮನೆ ಬಾಡಿಗೆಯಿಂದ ಹೊರಗೆ ಬೀಳಬಹುದು. ಮೆಲ್ಲಗೆ, ಮರ್ಯಾದೆಯಿಂದ, ಒಳಗೆ ಬರಲು ಕೇಳಿಕೊಂಡು ಪ್ರಶ್ನೆ ಹಾಕುವ ಮೂರನೆಯ ದಾರಿಯೊಂದಿತ್ತು. ಅದನ್ನು ಕಲಿಸಿದವರು ಯಾರು?

ಪಾಲಿಕೆಯ ಮೇಲೆ ಜನಕ್ಕೆ ಅನುಮಾನ ಇದ್ದದ್ದಕ್ಕೂ ಕಾರಣ ಇತ್ತು. 2022ರ ನವೆಂಬರ್‌ನಲ್ಲಿ ಇನ್ನೊಂದು ಪ್ರಕರಣ ಬೆಳಕಿಗೆ ಬಂದಿತ್ತು. ಮತದಾರರ ಜಾಗೃತಿಗೆಂದು ಬಿಬಿಎಂಪಿಯ ಅನುಮತಿ ಪಡೆದಿದ್ದ ಚಿಲುಮೆ ಅನ್ನುವ ಸಂಸ್ಥೆಯವರು ಸರ್ಕಾರಿ ನೌಕರರಂತೆ ಮನೆಗಳಿಗೆ ಹೋಗಿ ಜಾತಿ ಮುಂತಾದ ವಿವರ ಸಂಗ್ರಹಿಸಿದರು ಅನ್ನುವುದು ಆರೋಪ. ಅನುಮತಿ ರದ್ದಾಯಿತು, ಬಂಧನಗಳಾದವು, ಚುನಾವಣಾ ಆಯೋಗ ಅಧಿಕಾರಿಗಳ ಅಮಾನತಿಗೆ ಹೇಳಿತು. ಬಾಗಿಲಿಗೆ ಬಂದವರ ಕೊರಳಲ್ಲಿ ಗುರುತಿನ ಚೀಟಿ ಇದ್ದರೂ ನಂಬುವುದು ಹೇಗೆ ಅನ್ನುವ ಪ್ರಶ್ನೆ ಅಂದಿನಿಂದ ಊರಲ್ಲಿ ಉಳಿದುಬಿಟ್ಟಿತು.

ಇಷ್ಟೆಲ್ಲದರ ನಡುವೆಯೂ ಆಯೋಗ 27,24,768 ಕುಟುಂಬಗಳ 1,05,09,871 ಜನರನ್ನು ಎಣಿಸಿ 2025ರ ಆಗಸ್ಟ್ 4ರಂದು ವರದಿ ಕೊಟ್ಟಿತು. ಅದರಲ್ಲೊಂದು ಅಂಕಿ ನನ್ನ ಕಣ್ಣು ಹಿಡಿದು ನಿಲ್ಲಿಸಿತು. ಮೂಲ ಜಾತಿ ಹೇಳದೆ ಆದಿಕರ್ನಾಟಕ, ಆದಿದ್ರಾವಿಡ, ಆದಿಆಂಧ್ರ ಅಂತಷ್ಟೇ ಬರೆಸಿದವರು 4,74,954 ಜನ. ಕೆಲವರಿಗೆ ಮೂಲ ಜಾತಿ ಗೊತ್ತಿರಲಿಕ್ಕಿಲ್ಲ. ಎಷ್ಟೋ ಜನಕ್ಕೆ ಸರ್ಟಿಫಿಕೇಟಿನಲ್ಲಿ ಇದ್ದದ್ದೇ ಅದು. ಇನ್ನು ಕೆಲವರಿಗೆ ನೂರು ವರ್ಷದ ಹಿಂದೆ ಅಜ್ಜಂದಿರು ಕಟ್ಟಿಕೊಂಡ ಮರೆಯನ್ನು ತೆಗೆಯಲು ಮನಸ್ಸಿರಲಿಕ್ಕಿಲ್ಲ. ಆಯೋಗ ಇವರನ್ನು ಬೇರೆ ಗುಂಪಾಗಿ ಇಟ್ಟಿತು. ಸರ್ಕಾರ ಆಗಸ್ಟ್ 19ರ ತೀರ್ಮಾನದಲ್ಲಿ ಆ ಗುಂಪನ್ನು ಕೈಬಿಟ್ಟು, ಎಲ್ಲವನ್ನೂ ಶೇಕಡ 6, 6, 5ರ ಮೂರು ಪಾಲಿಗೆ ಇಳಿಸಿತು. ತಮಗೆಂದು ಶಿಫಾರಸಾಗಿದ್ದ ಶೇಕಡ 1 ಹೋಯಿತೆಂದು 59 ಸೂಕ್ಷ್ಮ ಸಮುದಾಯಗಳವರು ಬೀದಿಗಿಳಿದರು. ಲೆಕ್ಕ ಬೀಗದಿಂದ ಹೊರಗೆ ಬಂದದ್ದರಿಂದಲೇ ಅವರು ಹೀಗೆ ಅಂಕಿ ಹಿಡಿದು ಜಗಳ ಆಡಲು ಸಾಧ್ಯವಾಯಿತು ಅನ್ನುವುದನ್ನು ಮರೆಯಬಾರದು.

7

ಸೆಪ್ಟೆಂಬರ್ 22ರಿಂದ ರಾಜ್ಯದ ಎಲ್ಲ ಜನರ ಹೊಸ ಸಮೀಕ್ಷೆ ಶುರುವಾಯಿತು. ಅದಕ್ಕೂ ಮುಂಚೆ ಮೀಟರ್ ರೀಡರುಗಳು ಬಾಗಿಲು ಬಾಗಿಲಿಗೂ ನಂಬರಿನ ಸ್ಟಿಕ್ಕರ್ ಅಂಟಿಸಿದ್ದರು. ಪ್ರಶ್ನೆ ಅರವತ್ತು. ಈ ಸಲ ಸ್ಟಿಕ್ಕರ್ ಎಲ್ಲರ ಬಾಗಿಲಿಗೂ ಬಂತು, ಖಾಸಗಿತನದ ಮಾತು ಥಟ್ಟನೆ ರಾಜ್ಯದ ತುಂಬ ಕೇಳಿಬಂತು. ಹೈಕೋರ್ಟಿಗೆ ಅರ್ಜಿ ಹೋಯಿತು. ಸೆಪ್ಟೆಂಬರ್ 25ರಂದು ಕೋರ್ಟು ಸಮೀಕ್ಷೆಯನ್ನು ತಡೆಯಲಿಲ್ಲ. ಆದರೆ ವಿವರ ಕೊಡುವುದು ಕಡ್ಡಾಯವಲ್ಲ, ಇದನ್ನು ಜನಕ್ಕೆ ತಿಳಿಸಬೇಕು, ಕೊಟ್ಟ ವಿವರ ಆಯೋಗವನ್ನು ಬಿಟ್ಟು ಬೇರೆ ಯಾರ ಕೈಗೂ ಹೋಗಬಾರದು ಎಂದು ಆದೇಶಿಸಿತು. ಅಕ್ಟೋಬರ್‌ನಲ್ಲಿ ಬೆಂಗಳೂರಿನ ಸಮೀಕ್ಷೆ ಶುರುವಾದಾಗ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್, ಇದೇ ದೊಡ್ಡಆಲಹಳ್ಳಿಯ ಮಗ, ಕೋಳಿ ಕುರಿ ಚಿನ್ನದ ಲೆಕ್ಕವನ್ನೆಲ್ಲ ನಗರದ ಜನರನ್ನು ಕೇಳಬೇಡಿ ಅಂತ ಅಧಿಕಾರಿಗಳಿಗೆ ಹೇಳಿದರು. ಇನ್ಫೋಸಿಸ್‌ನ ನಾರಾಯಣಮೂರ್ತಿ, ಸುಧಾಮೂರ್ತಿ ದಂಪತಿ ವಿವರ ಕೊಡಲು ಒಪ್ಪಲಿಲ್ಲ.

ಅವರ ಹಕ್ಕು ಅವರದು, ಅದರಲ್ಲಿ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ. ಕೋಳಿ ಕುರಿಯ ಲೆಕ್ಕ ಬೆಂಗಳೂರಿನವರಿಗೆ ಮುಜುಗರವಾದರೆ ದೊಡ್ಡಆಲಹಳ್ಳಿಯ ಕೇರಿಯವರಿಗೆ ಮುಜುಗರವಲ್ಲವೇ? ದೊಡ್ಡ ಮನೆಯ ಗೇಟಿನಲ್ಲಿ ನಿಂತು ಬೇಡ ಅನ್ನಬಹುದು. ಪಡಸಾಲೆಯೇ ಇಲ್ಲದ ಮನೆಯವರು, ನಾಳೆ ರೇಷನ್ ಕಾರ್ಡು ಹೋದರೆ ಗತಿ ಏನು ಅಂತ ಹೆದರುವವರು, ಬೇಡ ಅನ್ನುವುದು ಹೇಗೆ? ಸ್ವಇಚ್ಛೆ ಅನ್ನುವ ಪದ ಎಲ್ಲರ ಬಾಯಲ್ಲೂ ಒಂದೇ ತೂಕದ್ದಲ್ಲ.

ಇಲ್ಲಿ ನಮ್ಮ ಸಂಗಾತಿಗಳ ಜೊತೆಗೂ ನನಗೊಂದು ಜಗಳ ಇದೆ. ಖಾಸಗಿತನ ಅನ್ನೋದು ಮೇಲ್ಜಾತಿಯವರ ಶೋಕಿ, ಜಾತಿಗಣತಿ ತಪ್ಪಿಸಲು ಅವರು ಹೂಡಿದ ಆಟ ಅಂತ ಸಭೆಗಳಲ್ಲಿ ಹೇಳುತ್ತೇವೆ. ಆಟ ಹೂಡಿದವರು ಇದ್ದಾರೆ, ಸುಳ್ಳಲ್ಲ. ಆದರೆ ಖಾಸಗಿತನ ಯಾರಿಗೆ ಹೆಚ್ಚು ಬೇಕು? ಹೆಸರು ಹೇಳಿದರೆ ಗೌರವ ಬರುವವನಿಗೋ, ಹೆಸರು ಹೇಳಿದರೆ ಮನೆ ಹೋಗುವವನಿಗೋ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪನ್ನು ಉಳ್ಳವರಿಗೆ ಬಿಟ್ಟುಕೊಟ್ಟರೆ ನಷ್ಟ ನಮ್ಮದು.

ಪಟ್ಟಿಯ ಅಪಾಯ ಕಲ್ಪನೆಯಲ್ಲ. ನೆದರ್ಲೆಂಡಿನಲ್ಲಿ ಜನಸಂಖ್ಯೆಯ ನೋಂದಣಿ ಬಹಳ ಅಚ್ಚುಕಟ್ಟಾಗಿತ್ತು, ಪ್ರತಿಯೊಬ್ಬರ ಧರ್ಮವೂ ಅದರಲ್ಲಿತ್ತು. ನಾಜಿಗಳು ದೇಶ ಹಿಡಿದಾಗ ಯಹೂದಿಗಳನ್ನು ಮನೆ ಮನೆಯಿಂದ ಹುಡುಕಲು ಆ ಪುಸ್ತಕಗಳು ನೆರವಾದವು. 1943ರ ಮಾರ್ಚ್ 27ರಂದು ಕಲಾವಿದರು, ವಿದ್ಯಾರ್ಥಿಗಳು ಇದ್ದ ಒಂದು ಗುಂಪು ಆಮ್ಸ್ಟರ್‌ಡ್ಯಾಮಿನ ನೋಂದಣಿ ಕಚೇರಿಯನ್ನು ಸ್ಫೋಟಿಸಿತು. ಕಾಗದದ ಒಂದು ಪಾಲು ಮಾತ್ರ ನಾಶವಾಯಿತು. ಸಿಕ್ಕಿಬಿದ್ದ ಹಲವರನ್ನು ಗುಂಡಿಕ್ಕಿ ಕೊಂದರು. ನಮಗೆ ಆ ದಾರಿ ಆಗದು. ನಮ್ಮ ಅನ್ನ, ಸೀಟು, ನೌಕರಿ ಅದೇ ಪಟ್ಟಿಯಲ್ಲಿವೆ. ಸುಡಲಾಗದ ಪಟ್ಟಿಯನ್ನು ಕಾಯುವುದೊಂದೇ ನಮಗಿರುವ ದಾರಿ.

ಹೊಸ ಕಾನೂನು ಕಾಯುತ್ತದೆಯೇ? 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಖಾಸಗಿ ಕಂಪನಿಗಳನ್ನು ಕಟ್ಟುತ್ತದೆ. ಸವಲತ್ತು ಕೊಡಲು, ಅಂಕಿಅಂಶಕ್ಕೆ ಅಂತ ಸರ್ಕಾರ ಪಡೆಯುವ ವಿವರಕ್ಕೆ ದೊಡ್ಡ ಸಡಿಲಿಕೆ ಕೊಟ್ಟಿದೆ. ಇದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಗೆ ತಂದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ವೈಯಕ್ತಿಕ ವಿವರ ಅಂತ ಹೇಳಿ ಅಧಿಕಾರಿ ಅರ್ಜಿಯನ್ನು ತಳ್ಳಿಹಾಕುವುದು ಈಗ ಇನ್ನಷ್ಟು ಸುಲಭ. ಅಂದರೆ ನಮ್ಮ ಹೆಸರು ಅವರ ಕೈಯಲ್ಲಿ ಮೊದಲಿನಂತೆಯೇ ಇರುತ್ತದೆ, ನಮ್ಮ ಕೋಟಾ ನುಂಗಿದವನ ಹೆಸರು ಖಾಸಗಿಯಾಗುತ್ತದೆ. ಮತ್ತೆ ಅದೇ ತಲೆಕೆಳಗು.

8

2027ರ ಜನಗಣತಿಯಲ್ಲಿ ಎಲ್ಲ ಜಾತಿಗಳ ಎಣಿಕೆ ಆಗುತ್ತದೆ ಅಂತ ಕೇಂದ್ರ 2025ರ ಏಪ್ರಿಲ್ 30ರಂದು ಹೇಳಿತು. ಇನ್ನೊಂದು ಸಲ ಬಾಗಿಲು ತಟ್ಟುತ್ತಾರೆ. ಅಷ್ಟರಲ್ಲಿ ನಮ್ಮ ಸಂಘಟನೆಗಳು ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ್ದು ಇಷ್ಟು.

ನಮ್ಮ ಪಂಚಾಯ್ತಿಯ ಹತ್ತಿರ ನಮ್ಮ ಬಗ್ಗೆ ಯಾವ ಯಾವ ಪಟ್ಟಿ ಇದೆ, ಯಾವ ಸರ್ವೆಯಿಂದ ಬಂತು, ಯಾರ ಕಂಪ್ಯೂಟರಿನಲ್ಲಿದೆ, ಯಾರಿಗೆ ಕೊಟ್ಟಿದ್ದೀರಿ? ನನ್ನ ಮನೆಯ ಸಾಲು ನನಗೆ ತೋರಿಸಿ, ತಪ್ಪಿದ್ದರೆ ತಿದ್ದಿ. ಗೋಡೆಗೆ ಹಾಕುವ ಪಟ್ಟಿಯಲ್ಲಿ ಹೆಸರು, ಕೆಲಸ, ಮೊತ್ತ ಸಾಕು. ಜಾತಿ, ಫೋನು, ಖಾತೆ ಬೇಡ. ಜಾತಿವಾರು ಒಟ್ಟು ಲೆಕ್ಕ, ಎಷ್ಟು ಮನೆ, ಎಷ್ಟು ಜಮೀನು, ಎಷ್ಟು ಎಸ್ಸೆಸ್ಸೆಲ್ಸಿ, ಅದನ್ನು ದಪ್ಪ ಅಕ್ಷರದಲ್ಲಿ ಬರೆಸಿ. ಒಂದು ಎಚ್ಚರ ಮಾತ್ರ ಬೇಕು. ಒಂದು ಪಂಚಾಯ್ತಿಯಲ್ಲಿ ಎರಡೇ ಮನೆ ಇರುವ ಸೂಕ್ಷ್ಮ ಸಮುದಾಯದ ಒಟ್ಟು ಲೆಕ್ಕ ಅಂದರೆ ಆ ಎರಡು ಮನೆಯ ಹೆಸರೇ ಆದಂತೆ. ಅವರ ಲೆಕ್ಕ ತಾಲ್ಲೂಕಿನದಾಗಿ, ಜಿಲ್ಲೆಯದಾಗಿ ಬರಲಿ. ಗಣತಿಗೆ ಬಂದವರು ಬೀದಿಯಲ್ಲಿ ನಿಂತು ಕೇಳಬಾರದು. ಜಾತಿಯ ಕಾಲಂ ಇರುವ ಹಾಳೆಯನ್ನು ಮನೆಯವರ ಕೈಗೇ ಕೊಟ್ಟು, ಅವರೇ ತುಂಬಲಿ, ಇಲ್ಲವೇ ಕಿವಿಯಲ್ಲಿ ಹೇಳಲಿ. ಇದಕ್ಕೆಲ್ಲ ದುಡ್ಡು ಬೇಕಾಗಿಲ್ಲ, ದಲಿತನ ಮಾನವೂ ಮಾನವೇ ಅನ್ನುವ ತಿಳಿವಳಿಕೆ ಬೇಕು.

ಇದನ್ನು ಬರೆಯುವ ಹೊತ್ತಿಗೆ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಆಗಿದೆ. ಕಾನಕಾನಹಳ್ಳಿ ಕನಕಪುರವಾಯಿತು, ಕ್ಲೋಸ್‌ಪೇಟೆ ರಾಮನಗರವಾಯಿತು, ಜಿಲ್ಲೆ ಬೆಂಗಳೂರಾಯಿತು. ಊರುಗಳಿಗೆ ಹಳೆ ಹೆಸರು ಕಳಚಿ ಹೊಸ ಹೆಸರು ತೊಡುವ ಸ್ವಾತಂತ್ರ್ಯ ಇದೆ. ಬಾಡಿಗೆ ಮನೆಯ ಗೇಟಿನಲ್ಲಿ ನಿಂತ ಆ ಹುಡುಗ ಕೇಳುತ್ತಿರುವುದು ಅದಕ್ಕಿಂತ ಸಣ್ಣದು. ನನ್ನನ್ನು ಎಣಿಸಿಕೊಳ್ಳಿ, ತಪ್ಪದೆ ಎಣಿಸಿಕೊಳ್ಳಿ. ಆದರೆ ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಡಿ ಸ್ವಾಮಿ.